ಕುಂಥಲಗಿರಿಯ ದಾರಿಯಲ್ಲಿ ಒಂದು ಅರ್ಧ ಟಿಕೇಟು

ನಮ್ಮ ಅಕ್ಕಲಕೋಟೆಯಿಂದ ಶ್ರೀ ಸಿದ್ಧಕ್ಷೇತ್ರ ಕುಂಥಲಗಿರಿ ಬಹಳ ದೂರವೇನಲ್ಲ. ಸೋಲಾಪುರಕ್ಕೆ ಒಂದು ತಾಸು. ಅಲ್ಲಿಂದ ತುಳಜಾಪುರ, ಧಾರಾಶಿವ, ಯೆಡಶಿ ಮೇಲಾಗಿ ಬೀಡ ಕಡೆಗೆ ಹೋಗುವ ಎಸ್.ಟಿ. ಬಸ್ಸು ಹಿಡಿದು ಸರಮಕುಂಡಿ ಫಾಟಾದಲ್ಲಿ ಇಳಿದರೆ ಮುಂದೆ ಕ್ಷೇತ್ರಕ್ಕೆ ಗಾಡಿಗಳು ಸಿಗುತ್ತವೆ. ಬೆಳಿಗ್ಗೆ ದರ್ಶನ ಮಾಡಿ ಹೊರಟವರು ಮಧ್ಯಾಹ್ನದೊಳಗೆ ಬೆಟ್ಟದ ಕೆಳಗೆ ಇರಬಹುದು. ಆದರೂ ನಾನು ಅಲ್ಲಿಗೆ ಹೋದದ್ದು ನನ್ನ ಅರವತ್ನಾಲ್ಕನೆಯ ವಯಸ್ಸಿನಲ್ಲಿ, ಅದೂ ಮೊದಲ ಸಲ. ಶಿಖರಜಿಗೆ ಎರಡು ಸಲ, ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಮೂರು ಸಲ ಹೋಗಿ ಬಂದವನು ಮಗ್ಗುಲಲ್ಲೇ ಇರುವ ಈ ಬೆಟ್ಟವನ್ನು ಯಾಕೆ ಬಿಟ್ಟಿದ್ದೆ ಎಂಬುದು ಮುಂದೆ ಬರುತ್ತದೆ.

2024ರ ಭಾದ್ರಪದ ಶುದ್ಧ ಬಿದಿಗೆಗೆ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರ ಪುಣ್ಯತಿಥಿ ಅಲ್ಲಿ ನಡೆಯುವುದಿತ್ತು. ನಾನು, ನಮ್ಮ ಮನೆಯವರು ಮತ್ತು ಮೊಮ್ಮಗ, ಮೂವರು ಹೊರಟೆವು. ಮಗ ಕಾರು ಒಯ್ಯಿರಿ ಎಂದ. ಎಸ್.ಟಿ.ಯಲ್ಲಿ ಹೆಣ್ಣುಮಕ್ಕಳಿಗೆ 2023ರಿಂದ ಅರ್ಧ ಟಿಕೇಟು, ಸುಮ್ಮನೆ ಪೆಟ್ರೋಲು ಯಾಕೆ ಸುಡಬೇಕು ಎಂದು ನಾನೇ ಬಸ್ಸಿನ ಮಾತು ತೆಗೆದೆ. ವ್ಯಾಪಾರಿಯ ಬುದ್ಧಿ ಯಾತ್ರೆಗೂ ಜೊತೆಯಲ್ಲೇ ಬರುತ್ತದೆ.

ಸೋಲಾಪುರದಲ್ಲಿ ಕಂಡಕ್ಟರ ಬಂದ. "ಒಂದು ಫುಲ್, ಎರಡು ಹಾಫ್" ಎಂದೆ. ನನಗೆ ಅರವತ್ತೈದು ತುಂಬಲು ಇನ್ನೂ ಕೆಲವು ತಿಂಗಳು ಬಾಕಿ, ಆದ್ದರಿಂದ ನನ್ನದು ಪೂರ್ತಿ. ಮನೆಯವರದು ಅರ್ಧ. ಹುಡುಗನದು ಅರ್ಧ. ಹುಡುಗನಿಗೆ ಹನ್ನೆರಡು ತುಂಬಿ ಎರಡು ತಿಂಗಳಾಗಿತ್ತು. ಕಂಡಕ್ಟರ ಅವನ ಮುಖ ನೋಡಿದ, ನಾನು ಕಿಟಕಿಯ ಹೊರಗೆ ನೋಡಿದೆ, ಟಿಕೇಟು ಬಂತು. ಬಸ್ಸು ಊರು ದಾಟಿದ ಮೇಲೆ ಹುಡುಗ ನನ್ನ ಕಿವಿಯಲ್ಲಿ, "ಅಜ್ಜಾ, ನನಗ ಹನ್ನೆರಡು ತುಂಬ್ಯಾವಲ್ಲಾ?" ಎಂದ. "ಇರಲಿ ಸುಮ್ನ ಕೂಡು" ಎಂದೆ.

ಆ ದಿನಗಳಲ್ಲಿ ಆ ದಾರಿ ನೋಡಲು ಚೆಂದ. ತುಳಜಾಪುರದ ಘಾಟು ಹತ್ತಿದ ಮೇಲೆ ಬಾಲಾಘಾಟದ ಬೋಳು ಗುಡ್ಡಗಳೂ ಹಸಿರಾಗಿರುತ್ತವೆ. ಒಂದು ಕಾಲಕ್ಕೆ ಜೋಳ, ತೊಗರಿ ಕಾಣುತ್ತಿದ್ದ ಹೊಲಗಳಲ್ಲಿ ಈಗ ಎತ್ತ ನೋಡಿದರೂ ಸೋಯಾಬಿನ್. ತೇರಖೇಡಾದ ಪಟಾಕಿ ಅಂಗಡಿಗಳನ್ನು ಹುಡುಗ ಕಣ್ಣರಳಿಸಿ ನೋಡಿದ. ಕೊಡಿಸಲಿಲ್ಲ, ಜೀವಹಿಂಸೆಯ ಮಾತು ಹೇಳಿದೆ. ಅರ್ಧ ಟಿಕೇಟಿನ ಅಜ್ಜನ ಉಪದೇಶವನ್ನು ಹುಡುಗ ಮರು ಮಾತಾಡದೆ ಕೇಳಿಕೊಂಡ.

ಬೆಟ್ಟ ದೊಡ್ಡದಲ್ಲ. ಮಂಡಿನೋವಿನ ನಮ್ಮ ಮನೆಯವರೂ ನಡುವೆ ಎರಡು ಸಲ ಕುಳಿತು ಹತ್ತಿದರು. ಮೇಲೆ ಕುಲಭೂಷಣ ದೇಶಭೂಷಣ ಮುನಿಗಳ ಚರಣಗಳಿಗೆ ನಮಸ್ಕರಿಸಿ ಗಾಳಿಗೆ ಕುಳಿತಾಗ ಮೊಮ್ಮಗನಿಗೆ ಅವರ ಕಥೆ ಹೇಳಿದೆ. ಏಳನೆಯ ಶತಮಾನದ ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಬರುವ ಕಥೆ ಇದು. ಕ್ಷೇಮಂಕರ ರಾಜನ ಇಬ್ಬರು ಮಕ್ಕಳು ಚಿಕ್ಕಂದಿನಲ್ಲೇ ಗುರುಗಳ ಬಳಿ ಓದಲು ಹೋದವರು ವಿದ್ಯೆಯಲ್ಲೇ ಮುಳುಗಿ ಮನೆಯವರ ಗುರುತನ್ನೇ ಮರೆತಿದ್ದರು. ಓದು ಮುಗಿಸಿ ಊರಿಗೆ ಬರುವಾಗ ಅರಮನೆಯ ಕಿಟಕಿಯಲ್ಲಿ ಒಬ್ಬ ಕನ್ಯೆಯನ್ನು ಕಂಡರು. ಇಬ್ಬರ ಮನಸ್ಸಿನಲ್ಲೂ ಅವಳೇ ತನಗೆ ಬೇಕೆಂಬ ಆಸೆ ಹುಟ್ಟಿತು. ಅಷ್ಟರಲ್ಲಿ ವಂದಿಮಾಗಧರು ರಾಜನ ಮಕ್ಕಳನ್ನು ಹೊಗಳುತ್ತ ಆ ಕನ್ಯೆಯ ಹೆಸರನ್ನೂ ಸೇರಿಸಿ ಹೇಳಿದರು. ಅವಳು ಕಮಲೋತ್ಸವೆ, ಅವರ ಸ್ವಂತ ತಂಗಿ. ಇಬ್ಬರೂ ನಾಚಿ ತಮ್ಮ ಮನಸ್ಸನ್ನು ತಾವೇ ನಿಂದಿಸಿಕೊಂಡು ದೀಕ್ಷೆ ಹಿಡಿದರು. ಮುಂದೆ ವಂಶಗಿರಿಯಲ್ಲಿ ಧ್ಯಾನಕ್ಕೆ ನಿಂತಾಗ ಪೂರ್ವಜನ್ಮದ ವೈರಿ ಉಪಸರ್ಗ ಮಾಡಿದ. ವನವಾಸದಲ್ಲಿದ್ದ ರಾಮ ಲಕ್ಷ್ಮಣರು ಅದನ್ನು ನಿವಾರಿಸಿದರು, ಮುನಿಗಳಿಗೆ ಕೇವಲಜ್ಞಾನವಾಯಿತು. ಆ ವಂಶಗಿರಿಯೇ ಈ ಕುಂಥಲಗಿರಿ ಎಂದು ನಮ್ಮ ಹಿರಿಯರು ನಂಬಿ ನಡೆದುಕೊಂಡು ಬಂದಿದ್ದಾರೆ.

ಹುಡುಗ ಕೇಳಿದ, "ಅವರಿಗೆ ತಂಗಿ ಅಂತ ಗೊತ್ತಿರಲಿಲ್ಲ. ಏನೂ ಮಾಡ್ಲೂ ಇಲ್ಲ. ಮತ್ತ ತಪ್ಪು ಏನಾತು ಅಜ್ಜಾ?"

ಯಾರೂ ನೋಡಿರಲಿಲ್ಲ, ಯಾರೂ ಕೇಳಿರಲಿಲ್ಲ, ಆದರೂ ಅವರಿಗೆ ಸಹಿಸಲಾಗಲಿಲ್ಲ ಎಂದು ಹೇಳಿದೆ. ಹೇಳುತ್ತಿದ್ದಂತೆ ನನ್ನ ಬಾಯಿ ಒಣಗಿತು.

ಶಾಂತಿಸಾಗರ ಮಹಾರಾಜರು ನಮ್ಮ ಕನ್ನಡದ ಮಣ್ಣಿನವರು. 1872ರಲ್ಲಿ ಜನಿಸಿದವರು, ಊರು ಚಿಕ್ಕೋಡಿ ಸೀಮೆಯ ಭೋಜ. ಕಣ್ಣಿನ ದೃಷ್ಟಿ ಮಂದವಾಗುತ್ತ ಬಂದು, ನೆಲ ನೋಡಿ ಜೀವ ಉಳಿಸಿ ನಡೆಯುವುದು ಇನ್ನು ಸಾಧ್ಯವಿಲ್ಲವೆಂದು ತಿಳಿದು 1955ರಲ್ಲಿ ಇಲ್ಲಿ ಸಲ್ಲೇಖನ ಕೈಕೊಂಡರು. ಜಯಪುರದಲ್ಲಿದ್ದ ಶಿಷ್ಯ ವೀರಸಾಗರ ಮಹಾರಾಜರಿಗೆ ಆಚಾರ್ಯಪದವನ್ನು ಇಲ್ಲಿಂದಲೇ ಕಳಿಸಿಕೊಟ್ಟರು. ಮೂವತ್ತಾರನೆಯ ದಿನ, ಸೆಪ್ಟೆಂಬರ 18ರಂದು ಸಮಾಧಿಸ್ಥರಾದರು. ನಮ್ಮ ತಂದೆಯವರು ಆಗ ಇಪ್ಪತ್ತೈದರ ಹರೆಯದವರು. ಕುರ್ಡುವಾಡಿಯಲ್ಲಿ ಬಾರ್ಶಿ ಲೈಟ್ ರೈಲಿನ ಸಣ್ಣ ಗಾಡಿ ಹಿಡಿದು, ಯೆಡಶಿಯಲ್ಲಿ ಇಳಿದು, ಅಲ್ಲಿಂದ ಎತ್ತಿನ ಗಾಡಿ, ಕಾಲ್ನಡಿಗೆ ಎಂದು ಬೆಟ್ಟ ಮುಟ್ಟಿದ್ದರಂತೆ. ಅಷ್ಟು ಸಾವಿರ ಜನ ಸೇರಿದ್ದರೂ ಸದ್ದಿಲ್ಲದ ಬೆಟ್ಟವನ್ನು ಜನ್ಮದಲ್ಲಿ ಮತ್ತೆ ಕಾಣಲಿಲ್ಲ ಎನ್ನುತ್ತಿದ್ದರು. ಅಲ್ಲಿಂದ ಬಂದ ಮೇಲೆ ಅವರು ಅಂಗಡಿಯಲ್ಲಿ ಒಂದು ನೇಮ ಇಟ್ಟರು. ದಿನಾ ಬೆಳಿಗ್ಗೆ ಮೊದಲ ರೈತನಿಗೆ ಖಾಲಿ ತಕ್ಕಡಿ ತೂಗಿ ತೋರಿಸದೆ ಮಾಲು ಮುಟ್ಟುವಂತಿಲ್ಲ. ಈ ನೇಮ ಕುಂಥಲಗಿರಿಯಿಂದ ಬಂದದ್ದು ಎಂದು ಪೇಟೆಗೆಲ್ಲ ಗೊತ್ತಿತ್ತು.

ನಾನು ಆ ಬೆಟ್ಟಕ್ಕೆ ಹೋಗದಿದ್ದ ಕಾರಣ ಆ ನೇಮವೇ.

1981ರ ತೊಗರಿಯ ಸುಗ್ಗಿ. ನನಗೆ ಇಪ್ಪತ್ತೊಂದು. ಮ್ಯಾಟ್ರಿಕ್ ಮುಗಿಸಿ ಅಡತಿ ಅಂಗಡಿಯಲ್ಲಿ ಕುಳಿತು ಐದು ವರ್ಷವಾಗಿತ್ತು. ತಂದೆ ಊರಲ್ಲಿಲ್ಲದಾಗ ಹಸಿ ತೊಗರಿಯನ್ನು ಹೆಚ್ಚಿನ ದರಕ್ಕೆ ಹಿಡಿದು ಕೈ ಸುಟ್ಟುಕೊಂಡಿದ್ದೆ. ಒಣಗಿಸಿದರೆ ತೂಕ ಇಳಿಯುತ್ತದೆ, ಲೆಕ್ಕ ಕೂಡುವುದಿಲ್ಲ. ಆ ತೂಕ ತುಂಬಿಸಲು ಒಂದು ಉಪಾಯ ಮಾಡಿದೆ. ಬೆಳಿಗ್ಗೆ ಖಾಲಿ ತಕ್ಕಡಿ ತೋರಿಸಿ ಆದ ಮೇಲೆ, ಊಟದ ಹೊತ್ತಿನಲ್ಲಿ, ಕಲ್ಲು ಇಡುವ ತಟ್ಟೆಯ ತಳಕ್ಕೆ ಮುಕ್ಕಾಲು ಕಿಲೋ ಸೀಸವನ್ನು ಡಾಂಬರಿನಿಂದ ಅಂಟಿಸಿದೆ. ಪ್ರತಿ ತೂಕಕ್ಕೆ ರೈತನ ಮುಕ್ಕಾಲು ಕಿಲೋ ಕಾಳು ನಮ್ಮ ಕಡೆ. ಮೂರು ದಿನ ನಡೆಯಿತು. ನಾಲ್ಕನೆಯ ದಿನ ಒಬ್ಬ ರೈತ ಮನೆಯಲ್ಲಿ ತೂಗಿಕೊಂಡೇ ಬಂದಿದ್ದ. ಗದ್ದಲವಾಯಿತು, ತಂದೆ ತಟ್ಟೆ ತಿರುವಿ ನೋಡಿದರು.

ತಕ್ಕಡಿ ಕಟ್ಟುವುದು, ಇಳಿಸುವುದು ಒಬ್ಬ ಹಮಾಲರ ಕೆಲಸ. ಹಮಾಲರು ಎಂದು ಈಗ ಬರೆಯುತ್ತಿದ್ದೇನೆ. ಆಗ ನನಗಿಂತ ಹದಿನೈದು ವರ್ಷ ಹಿರಿಯರಾದ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ. ತಂದೆಯ ಕಣ್ಣು ಅವರ ಮೇಲೆ ಹೋಯಿತು. ಹೆಚ್ಚು ಬಂದ ಕಾಳನ್ನು ರಾತ್ರಿ ಬಳಿದು ಒಯ್ಯುತ್ತಿದ್ದನೆಂದು ಪಕ್ಕದ ಅಂಗಡಿಯವರು ಸೇರಿಸಿದರು. ಅವರು "ನಾ ಅಲ್ರಿ ಸಾವ್ಕಾರ" ಎಂದು ಒಂದೇ ಸಲ ಹೇಳಿದರು. ನಾನು ವಹಿಯ ಹಿಂದೆ ಕುಳಿತು ಕೀರ್ದಿಯ ಮೇಲೆ ಬೆರಳಾಡಿಸುತ್ತಿದ್ದೆ. ತಂದೆ ರೈತರಿಗೆ ಕಡಿಮೆಯಾದದ್ದರ ಎರಡು ಪಟ್ಟು ಕೊಟ್ಟರು. ಹಮಾಲರ ಲೆಕ್ಕ ಸಂಜೆಗೆ ಚುಕ್ತಾ ಆಯಿತು. ಆ ಮೇಲೆ ಪೇಟೆಯಲ್ಲಿ ಯಾವ ಅಡತಿಯವರೂ ಅವರನ್ನು ಇಟ್ಟುಕೊಳ್ಳಲಿಲ್ಲ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸೋಲಾಪುರಕ್ಕೆ ಹೋದರು.

1996ರಲ್ಲಿ ತಂದೆ ಹಾಸಿಗೆ ಹಿಡಿದಾಗ ಒಬ್ಬೊಬ್ಬರನ್ನೇ ಕರೆದು ಕ್ಷಮೆ ಕೇಳಿದರು. ನನ್ನನ್ನು ಕರೆದು, "ಆ ಹಮಾಲಗ ಪೂರ್ತಾ ವಿಚಾರಿಸದ ತೆಗೆದೆ, ಅದೊಂದು ಮನಸಿನ್ಯಾಗ ಉಳದದ" ಎಂದರು. ನನ್ನ ಕೈಯಲ್ಲಿ ಅವರಿಗೆ ಕುಡಿಸುವ ನೀರಿನ ಬಟ್ಟಲಿತ್ತು. ನೀರು ಕುಡಿಸಿದೆ. ಬಾಯಿ ಬಿಡಲಿಲ್ಲ.

ಇದರ ನಡುವೆ ಪ್ರತಿವರ್ಷ ನಾನು ಕ್ಷಮಾವಣಿಯ ಕಾರ್ಡು ಕಳಿಸುತ್ತ ಬಂದೆ. ಮೊದಲು ಇನ್ನೂರು ಕಾರ್ಡು ಅಚ್ಚು ಹಾಕಿಸುತ್ತಿದ್ದೆ, ಈಗ ವಾಟ್ಸಾಪಿನಲ್ಲಿ ಒಂದೇ ಒತ್ತಿಗೆ ಐನೂರು ಜನಕ್ಕೆ ಹೋಗುತ್ತದೆ. ಬೀಗರು, ಭಾವಂದಿರು, ಜತ್ತದ ವ್ಯಾಪಾರಿ, ಹೊಸೂರಿನ ಗೆಳೆಯ, ಇವರಾರಿಗೂ ನಾನು ಅಪರಾಧ ಮಾಡಿದವನಲ್ಲ. ಮಾಡಿದ ಒಬ್ಬರ ವಿಳಾಸ ಮಾತ್ರ ನನ್ನ ಪಟ್ಟಿಯಲ್ಲಿರಲಿಲ್ಲ. ವಾಚಕರಲ್ಲಿ ಎಷ್ಟು ಜನರ ಪಟ್ಟಿ ಹೀಗಿದೆಯೋ ಅವರವರಿಗೇ ಗೊತ್ತು.

ಆ ಮಧ್ಯಾಹ್ನ ಸಾಮಾಯಿಕದ ನಂತರ ಅಲ್ಲಿ ವರ್ಷಾಯೋಗದಲ್ಲಿದ್ದ ಮುನಿಮಹಾರಾಜರ ದರ್ಶನಕ್ಕೆ ಹೋದೆವು. ಮೂಲತಃ ಬೆಳಗಾವಿ ಕಡೆಯವರು, ಕನ್ನಡದಲ್ಲೇ ಮಾತಾಡಿಸಿದರು. ನಾನು ಕೈಮುಗಿದು ಅರ್ಧ ಟಿಕೇಟಿನ ಸಂಗತಿ ಹೇಳಿದೆ. ಕುಳಿತವರೆಲ್ಲ ನಕ್ಕರು, ಮೊಮ್ಮಗನೂ ನಕ್ಕ. ಮಹಾರಾಜರೂ ನಕ್ಕು, "ಇದನ್ನ ಹೇಳಲಿಕ್ಕೆ ಇಷ್ಟು ದೂರ ಬಂದ್ರೇನು?" ಎಂದರು. ನಾನು ಸ್ವಲ್ಪ ತಡೆದು, "ನಮ್ಮ ಪ್ಯಾಟ್ಯಾಗ ಒಬ್ಬರಿದ್ದಾರ್ರೀ ಮಹಾರಾಜ್. ಹರೇದಾಗ ತೂಕದಾಗ ಒಂದು ತಪ್ಪು ಮಾಡಿದ್ರು, ಅದು ಬ್ಯಾರೇದವರ ಮ್ಯಾಲೆ ಹೋತು. ಅಂಥವರು ಏನು ಪ್ರಾಯಶ್ಚಿತ್ತ ಮಾಡ್ಕೋಬೇಕು?" ಎಂದು ಕೇಳಿದೆ.

ಮಹಾರಾಜರು ನನ್ನನ್ನೇ ನೋಡುತ್ತ, "ಅವರನ್ನ ಇಲ್ಲಿಗೆ ಕಳಸ್ರಿ" ಎಂದರು. ಅಷ್ಟೇ. ಮುಂದಿನವರ ಕಡೆ ತಿರುಗಿದರು.

ಭಗವತೀ ಆರಾಧನೆಯನ್ನು ಓದಿದವರಿಗೆ ಅಲ್ಲಿ ಏನಾಯಿತೆಂದು ಈಗಾಗಲೇ ತಿಳಿದಿರಬೇಕು. ಎರಡು ಸಾವಿರಕ್ಕೂ ಹೆಚ್ಚು ಗಾಹೆಗಳ ಪ್ರಾಕೃತ ಗ್ರಂಥ, ಶಿವಾರ್ಯರದು. ನಮ್ಮ ಕನ್ನಡದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಿಗೆ ಮೂಲ ಎಳೆ ಅದರದೇ. ಸೋಲಾಪುರದ ಜೀವರಾಜ ಜೈನ ಗ್ರಂಥಮಾಲೆ 1978ರಲ್ಲಿ ಹಿಂದಿ ಅನುವಾದದೊಂದಿಗೆ ಪ್ರಕಟಿಸಿದ ಪ್ರತಿ ನಮ್ಮ ಮನೆಯ ಕಪಾಟಿನಲ್ಲಿತ್ತು. ಧೂಳು ಒರೆಸುವಾಗ ಬಿಟ್ಟರೆ ಹೆಚ್ಚು ಮುಟ್ಟಿರಲಿಲ್ಲ. ಊರಿಗೆ ಬಂದ ಮೇಲೆ ತೆಗೆದು ನೋಡಿದೆ. ಗುರುವಿನ ಮುಂದೆ ತಪ್ಪು ಹೇಳಿಕೊಳ್ಳುವುದಕ್ಕೆ ಆಲೋಚನೆ ಎನ್ನುತ್ತಾರೆ. ಆ ಹೇಳಿಕೊಳ್ಳುವುದರಲ್ಲೇ ಹತ್ತು ದೋಷಗಳನ್ನು ಆಚಾರ್ಯರು ಎಣಿಸಿದ್ದಾರೆ. ನಾನಂತೂ ಬೆರಗಾದೆ. ತಪ್ಪು ಮಾಡುವ ಬಗೆಗಿಂತ ತಪ್ಪು ಒಪ್ಪಿಕೊಳ್ಳುವಾಗ ಮನುಷ್ಯ ಎಷ್ಟು ಬಗೆಯಲ್ಲಿ ಜಾರಿಕೊಳ್ಳುತ್ತಾನೆ ಎಂಬುದರ ಮೇಲೆ ಅವರ ಕಣ್ಣು.

ಸಣ್ಣ ತಪ್ಪನ್ನು ಮುಂದೆ ಮಾಡಿ ದೊಡ್ಡದನ್ನು ಮುಚ್ಚುವುದಕ್ಕೆ ಸೂಕ್ಷ್ಮ ಎಂದು ಹೆಸರು. ನನ್ನ ಅರ್ಧ ಟಿಕೇಟು! ಇಷ್ಟು ಸಣ್ಣದನ್ನೇ ಮುಚ್ಚದವನು ದೊಡ್ಡದನ್ನು ಮುಚ್ಚುತ್ತಾನೆಯೇ ಎಂದು ಕೇಳಿದವರು ತಿಳಿಯಲಿ ಎಂಬ ಹಂಚಿಕೆ. ಯಾರೋ ಇಂಥ ತಪ್ಪು ಮಾಡಿದರೆ ಏನು ಪ್ರಾಯಶ್ಚಿತ್ತ ಎಂದು ಹೆಸರು ಮರೆಸಿ ಕೇಳಿಕೊಂಡು, ಉತ್ತರವನ್ನು ಗುಟ್ಟಾಗಿ ತನಗೆ ಅನ್ವಯಿಸಿಕೊಳ್ಳುವುದಕ್ಕೆ ಛನ್ನ ಎಂದು ಹೆಸರು. ಅದೂ ಆಯಿತು. ಹತ್ತು ನಿಮಿಷದಲ್ಲಿ ಎರಡು ದೋಷ ಮಾಡಿ ಬಂದಿದ್ದೆ. ಬೇರೆಯವರು ನೋಡಿದ ತಪ್ಪನ್ನಷ್ಟೇ ಹೇಳುವುದು, ಎಲ್ಲರೂ ಒಟ್ಟಿಗೆ ಗದ್ದಲದಲ್ಲಿ ಪ್ರತಿಕ್ರಮಣ ಮಾಡುವಾಗ ತನ್ನದನ್ನೂ ಅದರಲ್ಲಿ ತೇಲಿಬಿಡುವುದು ಇವೂ ಪಟ್ಟಿಯಲ್ಲಿವೆ. ಪರ್ವದಲ್ಲಿ ಎಲ್ಲರೊಂದಿಗೆ ಆಲೋಚನಾ ಪಾಠವನ್ನು ಗಟ್ಟಿಯಾಗಿ ಹೇಳಿ ಮನಸ್ಸು ಹಗುರವಾಯಿತೆಂದುಕೊಂಡು ನಾನು ನಲವತ್ತು ವರ್ಷ ಮಾಡಿದ್ದು ಇದನ್ನೇ. ಕೊನೆಯದು ತತ್ಸೇವಿ, ಅಂಥದೇ ತಪ್ಪು ಮಾಡಿದವನ ಮುಂದೆ ಹೇಳಿಕೊಳ್ಳುವುದು. ವ್ಯಾಪಾರಿಗಳು ವ್ಯಾಪಾರಿಗಳೊಡನೆ ಚಹಾ ಕುಡಿಯುತ್ತ ಹಳೆಯ ತೂಕದ ಕಥೆಗಳನ್ನು ಹೇಳಿ ನಗುತ್ತೇವಲ್ಲ, ಅದು. ಇನ್ನು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯವ್ರತದ ಐದು ಅತಿಚಾರಗಳಲ್ಲಿ ಅಳತೆ ತೂಕಗಳನ್ನು ಹೆಚ್ಚು ಕಡಿಮೆ ಮಾಡುವುದೂ ಒಂದು, ಕಲಬೆರಕೆ ಇನ್ನೊಂದು. ಕದ್ದ ಮಾಲು ಕೊಳ್ಳುವುದೂ ಇದೆ. ಉಮಾಸ್ವಾಮಿಗಳು ಯಾವುದೋ ಅಡತಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ನೋಡಿ ಬರೆದಂತಿದೆ.

ಆ ರಾತ್ರಿ ಧರ್ಮಶಾಲೆಯಲ್ಲಿ ನಿದ್ದೆ ಬರಲಿಲ್ಲ. ಮಳೆ ಹಿಡಿದಿತ್ತು. ಮೊದಲು ನಮ್ಮ ಮನೆಯವರಿಗೆ ಹೇಳಿದೆ. ಮದುವೆಯಾಗಿ ನಲವತ್ತು ವರ್ಷ ದಾಟಿದ ಮೇಲೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾವನವರಿಗಾದ್ರೂ ಹೇಳಬೇಕಿತ್ತು" ಎಂದು ಮಗ್ಗಲು ತಿರುಗಿದರು. ಅದು ನನಗೆ ನಾಟಿದಷ್ಟು ಬೇರೇನೂ ನಾಟಲಿಲ್ಲ.

ಬೆಳಿಗ್ಗೆ ಒಬ್ಬನೇ ಮಹಾರಾಜರ ಬಳಿ ಹೋದೆ. "ನಿನ್ನೆ ಹೇಳಿದವ ನಾನೇ" ಎಂದೆ. ಸೀಸ, ಡಾಂಬರು, ತಂದೆಯ ನೀರಿನ ಬಟ್ಟಲು, ಎಲ್ಲ ಹೇಳಿದೆ. ನಡುವೆ, ಆಗ ನನಗೆ ಇಪ್ಪತ್ತೊಂದೇ ವರ್ಷ ಎಂಬ ಮಾತು ಬಾಯಿಗೆ ಬಂತು. ಅವರು ಕೈ ಎತ್ತಿ ತಡೆದರು. ಕೇಳಿಯಾದ ಮೇಲೆ ಕೆಲವು ಏಕಾಶನ, ಜಪ ಹೇಳಿದರು. ಅವು ನನ್ನ ಮಟ್ಟಿಗಿರಲಿ. ಆದರೆ ಅವನ್ನು ಆರಂಭಿಸುವ ಮೊದಲು ಆ ಹಮಾಲರ ಮನೆಯ ಬಾಗಿಲಿಗೆ ಹೋಗಬೇಕು, ಅಲ್ಲಿಯ ಬಾಕಿ ಇಲ್ಲಿ ಜಮಾ ಆಗುವುದಿಲ್ಲ ಎಂದರು.

ಹಿಂದಿರುಗುವಾಗ ಫಾಟಾದ ಒಂದು ಅಂಗಡಿಯಲ್ಲಿ ಪೇಢೆ ಕೊಂಡೆ. ಕುಂಥಲಗಿರಿಯ ಖವಾ, ಪೇಢೆ ಆ ಸೀಮೆಗೆಲ್ಲ ಹೆಸರಾದದ್ದು. ಅಂಗಡಿಯ ಹುಡುಗ ರಟ್ಟಿನ ಡಬ್ಬಿಯನ್ನೂ ಸೇರಿಸಿ ಒಂದು ಕಿಲೋ ತೂಗಿದ. ಬೇರೆ ದಿನವಾದರೆ ಬಿಡುತ್ತಿರಲಿಲ್ಲ. ಅಂದು ಸುಮ್ಮನೆ ದುಡ್ಡು ಕೊಟ್ಟೆ. ಬಸ್ಸಿನಲ್ಲಿ ಹುಡುಗನಿಗೆ ಪೂರ್ತಿ ಟಿಕೇಟು ತೆಗೆಸಿದೆ. ಹೋಗುವಾಗಿನ ಅರ್ಧ ಬಾಕಿ ಇದೆ, ಅದನ್ನೂ ಕೊಡುತ್ತೇನೆ ಎಂದರೆ ಆ ಕಂಡಕ್ಟರ, ಮಶೀನಿನಲ್ಲಿ ಹಾಗೆ ಬರುವುದಿಲ್ಲ ಕಾಕಾ ಎಂದ. ಕೊನೆಗೆ ಇನ್ನೊಂದು ಅರ್ಧ ಟಿಕೇಟು ಕೊಂಡು ಜೇಬಿಗೆ ಹಾಕಿಕೊಂಡೆ.

ಹಮಾಲರು 2009ರಲ್ಲೇ ತೀರಿಹೋಗಿದ್ದರು. ಹುಡುಕಿ ಸೋಲಾಪುರದ ಮನೆ ಮುಟ್ಟುವ ಹೊತ್ತಿಗೆ ದಶಲಕ್ಷಣ ಪರ್ವ ಆರಂಭವಾಗಿತ್ತು, ಅಂದು ಮೂರನೆಯ ದಿನ, ಉತ್ತಮ ಆರ್ಜವ. ಆ ತಾಯಿ ಎಂಬತ್ತರ ಹತ್ತಿರದವರು, ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ನನ್ನನ್ನು ಗುರುತು ಹಿಡಿದು, "ಸಣ್ಣ ಸಾವ್ಕಾರ ಅಲ್ಲೇನು?" ಎಂದರು. ಪೇಢೆಯ ಡಬ್ಬಿ ಮುಂದಿಟ್ಟು ಎಲ್ಲ ಹೇಳಿದೆ. ಮಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

"ಅವರಿಗೆ ಗೊತ್ತಿತ್ತಪ್ಪಾ" ಎಂದರು ಆ ತಾಯಿ. "ಅವತ್ತ ರಾತ್ರಿನ ಹೇಳಿದ್ರು. ನಿನ್ನ ಬಿಳಿ ಪೈಜಾಮಕ್ಕ ಡಾಂಬರ ಹತ್ತಿತ್ತಂತ. ಸಾವ್ಕಾರಗ ಹೇಳ್ರಿ ಅಂದೆ ನಾನು. ಮಗನ ಮ್ಯಾಲೆ ಹಮಾಲ ಹೇಳಿದ್ರ ಯಾರು ನಂಬ್ತಾರ ಅಂದ್ರು."

ನಲವತ್ಮೂರು ವರ್ಷ ನಾನು ಗುಟ್ಟು ಎಂದುಕೊಂಡದ್ದು ಆ ಮನೆಯಲ್ಲಿ ಮೊದಲ ರಾತ್ರಿಯೇ ಗೊತ್ತಿತ್ತು. ಜೇಬಿನಿಂದ ಲಕೋಟೆ ತೆಗೆದೆ. ಮಗ ಅದನ್ನು ಹಿಂದಕ್ಕೆ ಸರಿಸಿದ. ತಾಯಿ ಹೇಳಿದರು, "ನನ್ನ ಮುಂದ ಯಾಕ ಹೇಳ್ತಿ? ನನಗ ಗೊತ್ತೈತಿ. ಗೊತ್ತಿಲ್ಲದವರ ಮುಂದ ಹೇಳು. ಅವರ ಹೆಸರು ಕೆಟ್ಟಿದ್ದು ಪ್ಯಾಟ್ಯಾಗ, ಪ್ಯಾಟ್ಯಾಗ ಹೇಳು. ಆಮ್ಯಾಲೆ ನಿನ್ನ ಪೇಢೆ ತಿಂತೀನಿ." ಡಬ್ಬಿಯನ್ನು ಬಿಚ್ಚದೆ ಗೂಡಿನಲ್ಲಿಟ್ಟರು.

ಮಗನಿಗೂ ಊರಿನವರಿಗೂ ಭಯಪಟ್ಟು ಎರಡು ದಿನ ಕಳೆದೆ. ಹಳೆಯ ಅಡತಿಯವರಲ್ಲಿ ಹೆಚ್ಚಿನವರು ಈಗಿಲ್ಲ. ವ್ಯವಹಾರವೆಲ್ಲ ಮಾರ್ಕೆಟ್ ಯಾರ್ಡಿಗೆ ಹೋಗಿದೆ. ಅಂಗಡಿ ನಡೆಸುವ ನನ್ನ ಮಗ ಮೊದಲು ಬೇಡವೆಂದ, ಗಿರಾಕಿ ಏನೆಂದಾರು ಎಂದ. ಅವನ ಮಾತಿನಲ್ಲಿ ತಪ್ಪಿಲ್ಲ, ಗಲ್ಲೆಯ ಮೇಲೆ ಈಗ ಕುಳಿತಿರುವವನು ಅವನು. ಆದರೂ ಆ ದಿನ ಅವನೇ ನನ್ನನ್ನು ಗಾಡಿಯಲ್ಲಿ ಕರೆದೊಯ್ದ.

ಉದ್ದಿನ ಲಿಲಾವು ಮುಗಿದು ಎಲ್ಲರೂ ಚಹಾಕ್ಕೆ ನಿಂತಿದ್ದರು. ಅಡತಿಯವರು, ರೈತರು, ಹಮಾಲರು ಸೇರಿ ಐವತ್ತು ಅರವತ್ತು ಜನ. ಹಮಾಲರ ಹೆಸರು ಹಿಡಿದು ಹೇಳಿದೆ. ಇಲ್ಲಿ ಆ ಹೆಸರು ಬರೆದಿಲ್ಲ, ಪತ್ರಿಕೆಯಲ್ಲಿ ಬೇಡವೆಂದು ಅವರ ಮಗ ಹೇಳಿದ್ದಾನೆ. ಗಂಟಲು ನಡುಗಿತು, ಎರಡು ಸಲ ನಿಲ್ಲಿಸಿದೆ. ವಯಸ್ಸಾದ ಇಬ್ಬರು ಹಮಾಲರಿಗೆ ಅವರ ನೆನಪಿತ್ತು. ಒಬ್ಬರು ತಲೆಯ ಮೇಲಿನ ಅರಿವೆ ತೆಗೆದು ಕಣ್ಣೊರೆಸಿಕೊಂಡು, ನನ್ನನ್ನು ನೋಡದೆ ಆ ಕಡೆ ಹೋಗಿಬಿಟ್ಟರು. ಅಡತಿಯವರು ಯಾರೂ ಮಾತಾಡಲಿಲ್ಲ.

ಹಿಂದೆ ನಿಂತಿದ್ದ ಹರೆಯದ ಹಮಾಲನೊಬ್ಬ ಮುಂದೆ ಬಂದ. ಎಲೆಕ್ಟ್ರಾನಿಕ್ ಕಾಟಾದ ಕಾಲದ ಹುಡುಗ, ತೂಗುತಕ್ಕಡಿ ಕಂಡವನಲ್ಲ. "ಸಾವ್ಕಾರ, ಸೀಸ ಅಂಟಿಸಿದ್ದು ಯಾವ ಕಡೇರಿ? ಕಲ್ಲಿನ ಕಡೆನೋ, ಕಾಳಿನ ಕಡೆನೋ?" ಎಂದು ಕೇಳಿದ. ನಾನು ಎರಡೂ ಕೈ ಅಗಲಿಸಿ ತಕ್ಕಡಿಯ ಹಾಗೆ ನಿಂತು, ಎಡಗೈ ಕೆಳಗೆ ಮಾಡಿ ತೋರಿಸಿದೆ.